ಮೈಕ್ರೋಪ್ಲಾಸ್ಟಿಕ್ ಲೆಕ್ಕ ಒಬ್ಬೊಬ್ರದ್ದು ಒಂದೊಂದು ಥರ ಯಾಕೆ?

ಪ್ರಶ್ನೆ: ಬಾಟ್ಲಿ ನೀರಲ್ಲಿ ಲೀಟರ್‌ಗೆ 300 ಚಿಲ್ಲರೆ ಮೈಕ್ರೋಪ್ಲಾಸ್ಟಿಕ್, ಅಂದ್ರೆ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣ ಇರುತ್ತೆ ಅಂತ ಕೆಲವು ವರ್ಷದ ಹಿಂದೆ ಓದಿದ್ದೆ, ಆಮೇಲೆ ನೋಡಿದ್ರೆ ಎರಡು ಲಕ್ಷ ದಾಟಿದೆ ಅಂತ ಸುದ್ದಿ. ಇಷ್ಟು ಬೇಗ ಅಷ್ಟೊಂದು ಜಾಸ್ತಿ ಆಯ್ತಾ, ಇಲ್ಲ ಯಾರೋ ಸುಳ್ಳು ಹೇಳ್ತಿದಾರಾ?

ಉತ್ತರ: ಎರಡೂ ಅಲ್ಲ. ನೀವು ಮೊದ್ಲು ಓದಿದ್ದು 2018ರ ಅಧ್ಯಯನ, ಅದ್ರಲ್ಲಿ ಸರಾಸರಿ ಲೀಟರ್‌ಗೆ 325 ಕಣ. ಎರಡನೇದು 2024ರದ್ದು, ಸುಮಾರು 2,40,000. ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ. ಮೊದಲನೇ ತಂಡ 6.5 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನ ಮಾತ್ರ ಎಣಿಸಿತ್ತು, ಎರಡನೇ ತಂಡದ ಹತ್ರ ಅದಕ್ಕಿಂತ ಎಷ್ಟೋ ಸಣ್ಣದನ್ನ ಹಿಡಿಯೋ ಲೇಸರ್ ವಿಧಾನ ಇತ್ತು, ಅವರಿಗೆ ಸಿಕ್ಕಿದ್ರಲ್ಲಿ ಸುಮಾರು ಶೇ. 90 ಭಾಗ ನ್ಯಾನೋಪ್ಲಾಸ್ಟಿಕ್ಕೇ, ಅಂದ್ರೆ ಒಂದು ಮೈಕ್ರಾನ್‌ಗಿಂತ ಸಣ್ಣ ಕಣಗಳು. ಜರಡಿ ತೂತು ಎಷ್ಟು ಸಣ್ಣದೋ ಲೆಕ್ಕ ಅಷ್ಟು ದೊಡ್ಡದಾಗುತ್ತೆ. 2018ರ ಆ 325ರ ಒಳಗೇ ನೋಡಿ, 100 ಮೈಕ್ರಾನ್‌ಗಿಂತ ದೊಡ್ಡವು ಸರಾಸರಿ 10.4 ಅಷ್ಟೇ, ಇದು ಪ್ಲಾಸ್ಟಿಕ್ಕೇ ಅಂತ ಬೆಳಕು ಹಾಯಿಸಿ ಪದಾರ್ಥ ಗುರುತಿಸೋ ಸ್ಪೆಕ್ಟ್ರೋಸ್ಕೋಪಿಯಲ್ಲಿ ಪರೀಕ್ಷೆ ಮಾಡಿದ್ದು ಆ ಗುಂಪಿನ ಕಣಗಳನ್ನ, ಉಳಿದವು ನೈಲ್ ರೆಡ್ ಅನ್ನೋ ಬಣ್ಣ ಹಾಕಿದಾಗ ಹೊಳೆದವು ಅನ್ನೋ ಆಧಾರದ ಮೇಲೆ ಎಣಿಸಿದ್ದು. ಪೇಪರ್‌ನಲ್ಲಿ (ಸಂಶೋಧನಾ ಲೇಖನದಲ್ಲಿ) ಇದೆಲ್ಲ ಬರೆದಿದ್ರು, ಹೆಡ್‌ಲೈನ್‌ನಲ್ಲಿ ಬರೀ ನಂಬರ್ ಉಳೀತು ನೋಡಿ, ನನಗೆ ಬೇಜಾರಾಗೋದು ಅಲ್ಲೇ.

ಸಮುದ್ರದ ಲೆಕ್ಕದಲ್ಲೂ ಇದೇ ಕಥೆ. ಸಾಮಾನ್ಯವಾಗಿ ನೀರಿನ ಮೇಲ್ಮೈಯಲ್ಲಿ ದೋಣಿಯಿಂದ ಎಳೆಯೋ ಮ್ಯಾಂಟಾ ಬಲೆಯ ಕಣ್ಣು ಸುಮಾರು 330 ಮೈಕ್ರಾನ್, ಬಟ್ಟೆಯಿಂದ ಬರೋ ಎಳೆಗಳು ಅದ್ರೊಳಗೆ ಉದ್ದುದ್ದ ತೂರಿ ಹೋಗಿಬಿಡ್ತವೆ, ಅದೇ ಜಾಗದಲ್ಲಿ ಇನ್ನೊಬ್ರು ಗಾಜಿನ ಬಾಟ್ಲಿ ಮುಳುಗಿಸಿ ನೀರು ತಗೊಂಡು ಸಣ್ಣ ತೂತಿನ ಫಿಲ್ಟರ್‌ನಲ್ಲಿ ಸೋಸಿದ್ರೆ ಎಳೆಗಳೇ ಎಳೆಗಳು. ಒಬ್ರು ಚದರ ಕಿಲೋಮೀಟರ್‌ಗೆ ಇಷ್ಟು ಅಂತಾರೆ, ಇನ್ನೊಬ್ರು ಘನ ಮೀಟರ್‌ಗೆ ಇಷ್ಟು ಅಂತಾರೆ, ಬಲೆ ಎಷ್ಟು ಆಳದವರೆಗೆ ಮುಳುಗಿತ್ತು ಅಂತ ಬರೆಯದೇ ಇದ್ರೆ ಒಂದನ್ನ ಇನ್ನೊಂದಕ್ಕೆ ಬದಲಾಯಿಸೋಕೂ ಆಗಲ್ಲ.

ಪ್ರಶ್ನೆ: ನಾನು ಎಂಎಸ್ಸಿ ವಿದ್ಯಾರ್ಥಿನಿ, ತೀರದ ಮರಳಲ್ಲಿ ಮೈಕ್ರೋಪ್ಲಾಸ್ಟಿಕ್ ಹುಡುಕೋ ಪ್ರಾಜೆಕ್ಟ್. ದುಬಾರಿ ಮೆಷಿನ್ ಇಲ್ಲ. ನನ್ನ ಕೆಲಸಕ್ಕೆ ಬೆಲೆ ಇರುತ್ತಾ?

ಉತ್ತರ: ಖಂಡಿತ ಇರುತ್ತೆ ಕಣಮ್ಮ. ಮೊದಲನೇದಾಗಿ ಬ್ಲಾಂಕ್ ಇಡೋದು ಮರೀಬೇಡಿ. ಮರಳೇ ಹಾಕದೆ, ಉಳಿದ ಎಲ್ಲಾ ಹಂತ ಹಾಗೇ ಮಾಡಿ, ಕೊನೆಗೆ ಫಿಲ್ಟರ್ ಮೇಲೆ ಎಷ್ಟು ಎಳೆ ಬಂತು ಎಣಿಸಿ. ಲ್ಯಾಬ್ ಗಾಳಿಯಲ್ಲಿ, ನಿಮ್ಮ ದುಪಟ್ಟಾದಲ್ಲಿ, ಎಲ್ಲಾ ಕಡೆ ಎಳೆ ಇರುತ್ತೆ, ಅದಕ್ಕೇ ಕಾಟನ್ ಕೋಟ್ ಹಾಕ್ಕೊಳಿ, ಗಾಜಿನ ಸಾಮಾನೇ ಬಳಸಿ. ಸ್ಯಾಂಪಲ್‌ನಲ್ಲಿ 10 ಸಿಕ್ಕಿ ಬ್ಲಾಂಕ್‌ನಲ್ಲೂ 8 ಸಿಕ್ರೆ ಆ 10ಕ್ಕೆ ಅರ್ಥ ಇಲ್ಲ, ಆದ್ರೆ ಅದನ್ನ ಮುಚ್ಚಿಡದೆ ಹಾಗೇ ಬರೀರಿ, ಎಷ್ಟೋ ಪೇಪರ್‌ಗಳಲ್ಲಿ ಆ ಸಾಲೇ ಇರಲ್ಲ.

ಎರಡನೇದು, ಗೊತ್ತಿರೋ 100 ಬಣ್ಣದ ಕಣ ನೀವೇ ಶುದ್ಧ ಮರಳಿಗೆ ಬೆರೆಸಿ ವಾಪಸ್ ತೆಗೀರಿ. 60 ಸಿಕ್ರೆ 60 ಅಂತಾನೇ ಹಾಕಿ, ಯಾರೂ ನಗಲ್ಲ, ನಿಮ್ಮ ಉಳಿದ ನಂಬರ್‌ಗಳನ್ನ ಹೇಗೆ ಓದ್ಬೇಕು ಅಂತ ಆಗಲೇ ಗೊತ್ತಾಗೋದು. ಮತ್ತೆ ಉಪ್ಪುನೀರಲ್ಲಿ ತೇಲಿಸಿ ಬೇರ್ಪಡಿಸ್ತೀರಾ ಅಂದ್ಕೋತೀನಿ. ಪೂರ್ತಿ ಉಪ್ಪು ಕರಗಿಸಿದ್ರೂ ಅದರ ಸಾಂದ್ರತೆ 1.2 ಆಸುಪಾಸು (ಬರೀ ನೀರಿದ್ದು 1), ಪಿಇಟಿ (ನೀರಿನ ಬಾಟ್ಲಿ ಪ್ಲಾಸ್ಟಿಕ್) ಪಿವಿಸಿ (ಪೈಪಿನ ಪ್ಲಾಸ್ಟಿಕ್) ಎರಡೂ 1.4ರ ಹತ್ರ, ಅವು ತಳದಲ್ಲೇ ಕೂರ್ತವೆ. ಜಿಂಕ್ ಕ್ಲೋರೈಡ್ ದ್ರಾವಣ ಗಾಢವಾಗಿ ಮಾಡ್ಕೊಂಡ್ರೆ ಅವೂ ತೇಲ್ತವೆ, ಆದ್ರೆ ಅದು ಚರ್ಮ ಸುಡುತ್ತೆ, ಸಿಂಕ್‌ಗೆ ಚೆಲ್ಲೋ ಹಾಗೂ ಇಲ್ಲ. ಉಪ್ಪೇ ಬಳಸಿದ್ರೆ "ಭಾರದ ಪ್ಲಾಸ್ಟಿಕ್ ಇದರಲ್ಲಿ ಸಿಗಲ್ಲ" ಅಂತ ಒಂದು ಸಾಲು ಸಾಕು. ಜೈವಿಕ ಕಸ ಕರಗಿಸೋಕೆ ಜೋರು ನೈಟ್ರಿಕ್ ಆಸಿಡ್ ಮಾತ್ರ ಬೇಡ, ನೈಲಾನ್ನೂ ಜೊತೆಗೆ ಕರಗಿ ಹೋಗುತ್ತೆ.

ಮೆಷಿನ್ ಇರೋ ಲ್ಯಾಬ್‌ಗೆ ಒಂದಿಷ್ಟು ಕಣನಾದ್ರೂ ಕಳಿಸಿ ಸ್ಪೆಕ್ಟ್ರೋಸ್ಕೋಪಿ ಪರೀಕ್ಷೆ ಮಾಡಿಸಿ, ಯಾವ ಕಣ, ಎಷ್ಟು, ಹೇಗೆ ಆರಿಸಿದ್ರಿ ಅನ್ನೋದನ್ನೂ ಬರೀರಿ. ಸ್ಪೆಕ್ಟ್ರಂ ಫೈಲ್‌ಗಳು (ಪ್ರತಿ ಪದಾರ್ಥದ ಬೆಳಕಿನ ಗುರುತು ಇರೋ ಫೈಲ್) ಬಂದ್ಮೇಲೆ ಓಪನ್ ಸ್ಪೆಸಿ ಅನ್ನೋ ಉಚಿತ ಸಾಧನದಲ್ಲಿ ಹೋಲಿಸಿ ನೋಡ್ಬಹುದು. ಮೂಲ ಫೈಲ್‌ಗಳನ್ನ ಎಲ್ರಿಗೂ ಸಿಗೋ ಹಾಗೆ ಇಟ್ರೆ ನಾಳೆ ಇನ್ಯಾರೋ ನಿಮ್ಮ ಲೆಕ್ಕ ಪುನಃ ಮಾಡಿ ನೋಡ್ತಾರೆ.

ಪ್ರಶ್ನೆ: ಲ್ಯಾಬ್ ಗ್ಲೌಸ್‌ನಿಂದಲೇ ತಪ್ಪು ಲೆಕ್ಕ ಬರುತ್ತಂತೆ, ನಿಜನಾ?

ಉತ್ತರ: ನಿಜ. 2020ರಲ್ಲಿ ಇದನ್ನ ತೋರಿಸಿದ್ರು. ಕೆಲವು ಗ್ಲೌಸ್‌ಗಳಿಂದ ಬಿಡೋ ಸ್ಟಿಯರೇಟ್ ಅನ್ನೋ ಸೋಪಿನಂಥ ಪದಾರ್ಥದ ಸ್ಪೆಕ್ಟ್ರಂ ಪಾಲಿಎಥಿಲೀನ್ ಥರಾನೇ ಕಾಣುತ್ತೆ.

ಪ್ರಶ್ನೆ: ಎಲ್ರೂ ಒಂದೇ ವಿಧಾನ ಬಳಸಿ ಅಂತ ರೂಲ್ ಮಾಡಿದ್ರೆ ಮುಗೀತಲ್ಲ?

ಉತ್ತರ: ಅಷ್ಟು ಸುಲಭ ಅಲ್ಲ. ಮೀನಿನ ಹೊಟ್ಟೆಗೂ ಕುಡಿಯೋ ನೀರಿಗೂ ಒಂದೇ ವಿಧಾನ ಹೊಂದಲ್ಲ, ಈಗಲೇ ಬೀಗ ಹಾಕಿದ್ರೆ ನಾಳೆ ಬರೋ ಒಳ್ಳೆ ವಿಧಾನಕ್ಕೆ ದಾರಿ ಇರಲ್ಲ. 2023ರಲ್ಲಿ ಐಎಸ್ಒ 24187 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂತು, ಅದು ಮೂಲ ತತ್ವಗಳನ್ನ ಹೇಳುತ್ತೆ. ಅದಕ್ಕೂ ಮುಂಚೆ 2020ರಲ್ಲಿ ಸಂಶೋಧಕರೇ ಸೇರಿ ಪೇಪರ್‌ನಲ್ಲಿ ಏನೇನು ವರದಿ ಮಾಡ್ಬೇಕು ಅಂತ ಪಟ್ಟಿ ಮಾಡಿದ್ರು. ನನ್ನ ಪ್ರಕಾರ ವಿಧಾನ ಬೇರೆ ಬೇರೆ ಇರಲಿ, ಬರೆಯೋದು ಮಾತ್ರ ಒಂದೇ ಥರ ಇರಲಿ, ಆ ಪಟ್ಟಿ ತುಂಬದ ಪೇಪರ್‌ನ ವಿಜ್ಞಾನ ಪತ್ರಿಕೆಗಳು ವಾಪಸ್ ಕಳಿಸೋಕೆ ಶುರು ಮಾಡಲಿ.