ಹತ್ತು ಮನೆ ಕೇಳಿದ್ರೆ ಊರಿನ ಲೆಕ್ಕ ಸಿಗುತ್ತಾ?

ಪ್ರಶ್ನೆ: ಸಾರ್, ನಮ್ಮೂರಲ್ಲಿ ಸುಮಾರು 200 ಮನೆ ಇದಾವೆ, ಮೊನ್ನೆ ಖರ್ಚುವೆಚ್ಚದ ಸರ್ವೆ ಅಂತ ಬಂದೋರು ಬರೀ ಹತ್ತು ಮನೆ ಕೇಳ್ಕೊಂಡು ಹೋದ್ರು. ನಾಲ್ಕು ದೊಡ್ಡ ತೋಟದೋರನ್ನ ಬಿಟ್ರೆ ಮಿಕ್ಕೋರೆಲ್ಲ ಎರಡು ಮೂರು ಎಕರೆಯೋರು, ಲೈನ್ ಮನೆಯೋರು (ತೋಟದ ಕೂಲಿಯೋರು). ಬಡವ ಶ್ರೀಮಂತರ ಅಂತರ ಇಷ್ಟರಲ್ಲೇ ಹೆಂಗೆ ಗೊತ್ತಾಗುತ್ತೆ? (ಓದುಗರು, ಮೂಡಿಗೆರೆ)

ಉತ್ತರ: ಎಷ್ಟು ಮನೆ ಅನ್ನೋದಕ್ಕಿಂತ ಯಾವ ಮನೆ ಅನ್ನೋದು ಮುಖ್ಯ. ಕಾಫಿ ವ್ಯಾಪಾರಿ ನಿಮ್ಮ ಚೀಲ ಪೂರ್ತಿ ಸುರಿದು ನೋಡಲ್ಲ, ಒಂದು ಚೀಲದ ಮೇಲಿಂದ ಇನ್ನೊಂದರ ತಳದಿಂದ ಅಷ್ಟಷ್ಟು ತೆಗೆದು ಬೆರೆಸಿ ತೇವ ನೋಡಿ ರೇಟ್ ಹೇಳ್ತಾನೆ. ಚೀಲದ ಬಾಯಿಂದಷ್ಟೇ ತಗೊಂಡ್ರೆ ನೂರು ಚೀಲ ನೋಡಿದ್ರೂ ಲೆಕ್ಕ ತಪ್ಪೇ.

ಅಸಮಾನತೆ ಅಳೆಯೋಕೆ ಹೊರಟಾಗ ಇದು ಇನ್ನೂ ಸೂಕ್ಷ್ಮ. ಇದಕ್ಕೆ ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರ್ರಾಡೊ ಗಿನಿ 1912ರಲ್ಲಿ ಕೊಟ್ಟ ಒಂದು ಅಳತೆ ಇದೆ, ಅದಕ್ಕೂ ಗಿನಿ ಅಂತಲೇ ಹೆಸರು, ಎಲ್ಲರಿಗೂ ಸಮ ಇದ್ರೆ 0, ಒಬ್ಬರ ಹತ್ರವೇ ಎಲ್ಲಾ ಇದ್ರೆ 1ರ ಹತ್ತಿರ. ಐದು ಮನೆ ತಗೊಳ್ಳಿ, ನಾಲ್ಕಕ್ಕೆ ವರ್ಷಕ್ಕೆ 1 ಲಕ್ಷ, ಐದನೇದಕ್ಕೆ 6 ಲಕ್ಷ. ಸರಾಸರಿ 2 ಲಕ್ಷ, ಅಷ್ಟು ಆದಾಯ ಯಾರ ಮನೇಲೂ ಇಲ್ಲ ನೋಡಿ! ಪ್ರತಿ ಮನೆಯನ್ನ ಐದೂ ಮನೆ ಜೊತೆ ಹೋಲಿಸಿದ್ರೆ 25 ವ್ಯತ್ಯಾಸ ಬರುತ್ತೆ, ಅದ್ರಲ್ಲಿ 8 ಕಡೆ 5 ಲಕ್ಷ, ಮಿಕ್ಕ ಕಡೆ ಸೊನ್ನೆ, ಒಟ್ಟು 40 ಲಕ್ಷ, 25ರಿಂದ ಭಾಗಿಸಿದ್ರೆ 1.6, ಅದನ್ನ ಸರಾಸರಿಯ ಎರಡರಷ್ಟು ಅಂದ್ರೆ 4ರಿಂದ ಭಾಗಿಸಿದ್ರೆ 0.4. ಈಗ ಆ ಐದನೇ ಮನೆಯೋರು ಸರ್ವೆಗೆ ಸಿಗಲಿಲ್ಲ ಅನ್ಕೊಳ್ಳಿ, ಗಿನಿ ಸೀದಾ 0, ಊರಲ್ಲಿ ಎಲ್ಲರೂ ಸಮ ಅಂತ ಬರ್ಕೊಂಡು ಹೋಗ್ತಾರೆ.

ನಿಮ್ಮೂರಲ್ಲಿ ಚೀಟಿ ಎತ್ತಿ ಹತ್ತು ಮನೆ ಆರಿಸಿದ್ರೆ ನಾಲ್ಕೂ ದೊಡ್ಡ ತೋಟದ ಮನೆ ತಪ್ಪಿಹೋಗೋದು 100ಕ್ಕೆ 81 ಸಲ. ಅದಕ್ಕೇ ಬಲ್ಲೋರು ಮೊದ್ಲು ಮನೆಪಟ್ಟಿ ಮಾಡಿ ಜಮೀನಿನ ಪ್ರಕಾರ ಗುಂಪು ಮಾಡ್ತಾರೆ. ನಾಲ್ಕರಲ್ಲಿ 2, ಉಳಿದ 196ರಲ್ಲಿ 8. ಹಂಗಂತ ದೊಡ್ಡೋರ ತೂಕ ಜಾಸ್ತಿ ಆಗಬಾರದಲ್ವಾ, ಆ ಎರಡರಲ್ಲಿ ಒಂದೊಂದೂ 2 ಮನೆಗೆ ಲೆಕ್ಕ, ಈ ಎಂಟರಲ್ಲಿ ಒಂದೊಂದೂ 24.5 ಮನೆಗೆ ಲೆಕ್ಕ. ಕೇಂದ್ರ ಸರ್ಕಾರದ 2022-23ರ ಮನೆಖರ್ಚಿನ ಸರ್ವೆಯಲ್ಲೂ 2,61,746 ಮನೆಗಳನ್ನ ಆರಿಸುವಾಗ ಹಳ್ಳೀಲಿ ಜಮೀನು, ಪೇಟೇಲಿ ಕಾರು ನೋಡಿ ಗುಂಪು ಮಾಡಿದ್ರು. ಗಿನಿ ಹಳ್ಳಿಗೆ 0.266, ಪೇಟೆಗೆ 0.314 ಬಂತು. ಆದ್ರೆ ಇದು ಖರ್ಚಿನದು, ಆದಾಯದ್ದಲ್ಲ, ಲೈನ್ ಮನೆಯೋರ ಕೂಲಿ ಪೂರ್ತಿ ಅಕ್ಕಿ ಬೇಳೆಗೆ ಹೋಗುತ್ತೆ, ಸಾಹುಕಾರ್ರ ದುಡ್ಡಲ್ಲಿ ಒಂದಷ್ಟು ಇನ್ನೊಂದು ತೋಟ ಕೊಳ್ಳೋಕೆ ಹೋಗುತ್ತೆ. ಅದಕ್ಕೇ ಆದಾಯದ ಅಂತರ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಇರುತ್ತೆ.

ಗುಂಪು ಮಾಡಿದ್ರೂ ಕೊನೆಗೆ ಬಾಗಿಲು ತೆಗೀಬೇಕು. ನಾನು ಹುಡುಗನಾಗಿದ್ದಾಗ ಸಕಲೇಶಪುರದ ಕಡೆ ಒಂದು ಸರ್ವೆಗೆ ಹೋಗ್ತಿದ್ದೆ, ಪಟ್ಟೀಲಿದ್ದ ಒಂದು ಬಂಗ್ಲೆಗೆ ಮೂರು ಸಲ ಹತ್ತಿದ್ರೂ ಸಾಹುಕಾರ್ರು ಊರಲ್ಲಿಲ್ಲ ಅಂತ ವಾಚ್‌ಮನ್ ಗೇಟ್ ತೆಗೀಲಿಲ್ಲ, ಮಳೆ ಬೇರೆ, ಕೊನೆಗೆ ಕೆಳಗಿದ್ದ ಒಂದೂವರೆ ಎಕರೆಯೋರ ಮನೆ ಬರ್ಕೊಂಡು ಬಂದೆ. ಅದು ನಂದೇ ತಪ್ಪು. ಅಂಥ ತಪ್ಪು ಮನೆ ಸಂಖ್ಯೆ ಹತ್ತರಿಂದ ನೂರಕ್ಕೆ ಏರಿಸಿದ್ರೂ ಹೋಗಲ್ಲ. ಮುಂದಿನ ಸಲ ಸರ್ವೆಯೋರು ಬಂದ್ರೆ ಮನೆಪಟ್ಟಿ ಮಾಡಿದ್ರಾ, ಗೇಟ್ ಹಾಕಿರೋ ಮನೆಗೆ ಏನ್ ಮಾಡಿದ್ರಿ ಅಂತ ಕೇಳಿ.