ಸೂಪರ್‌ನೇಟಂಟ್ ಹಾಕಿದ್ರೆ ಎಸ್‌ಟಿ ಸೆಲ್ಸ್‌ನಲ್ಲಿ ಟಿಜಿಇವಿ ಟೈಟರ್ ಬೀಳ್ತಿರೋದು ಯಾಕೆ?

ಲ್ಯಾಕ್ಟೋಬ್ಯಾಸಿಲಸ್ ಸೂಪರ್‌ನೇಟಂಟ್ (ಬ್ಯಾಕ್ಟೀರಿಯಾ ಬೆಳೆದ ದ್ರವದಿಂದ ಬ್ಯಾಕ್ಟೀರಿಯಾ ತೆಗೆದ್ಮೇಲೆ ಉಳಿಯೋ ತಿಳಿ) ಹಾಕಿದ್ಮೇಲೆ ಎಸ್‌ಟಿ ಸೆಲ್ಸ್‌ನಲ್ಲಿ (ಹಂದಿ ವೃಷಣದ ಕೋಶಗಳು) ಟಿಜಿಇವಿ (ಹಂದಿಗಳಿಗೆ ಭೇದಿ ತರೋ ಕೊರೋನಾವೈರಸ್) ಟೈಟರ್, ಅಂದ್ರೆ ವೈರಸ್ ಪ್ರಮಾಣ, ಕಮ್ಮಿಯಾಯ್ತು ಅಂದ್ರಲ್ಲ, ಅದು ಬಹುಶಃ ಲ್ಯಾಕ್ಟಿಕ್ ಆಸಿಡ್‌ದೇ ಕೆಲಸ, ಯಾಕಂದ್ರೆ ರಾತ್ರಿಯಿಡೀ ಎಂಆರ್‌ಎಸ್‌ನಲ್ಲಿ (ಈ ಬ್ಯಾಕ್ಟೀರಿಯಾನ ಬೆಳೆಸೋ ದ್ರವ) ಬೆಳೆದ ಕಲ್ಚರ್ ಪಿಎಚ್ 4ರ ಆಸುಪಾಸಿಗೆ ಇಳಿದಿರತ್ತೆ, ಸೆಲ್ಸ್ ಮೇಲೆ ಹಾಕಿದ ತಕ್ಷಣ ಮೀಡಿಯಂ ಹಳದಿಗೆ ತಿರುಗ್ತಿದ್ರೆ ಅದೇ ಗುರುತು.

ಮೊದ್ಲು ಸೆಂಟ್ರಿಫ್ಯೂಜ್ ಮಾಡಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7.2–7.4ಕ್ಕೆ ತನ್ನಿ, ಆಮೇಲೆ 0.22 ಮೈಕ್ರಾನ್ ಫಿಲ್ಟರ್. ಜೊತೆಗೆ ಕಂಟ್ರೋಲ್ ಬೇಕೇ ಬೇಕು: ಖಾಲಿ ಎಂಆರ್‌ಎಸ್‌ಗೆ ಲ್ಯಾಕ್ಟಿಕ್ ಆಸಿಡ್ ಹಾಕಿ ಹಾಗೇ ನ್ಯೂಟ್ರಲ್ ಮಾಡಿದ್ದು, ಅಷ್ಟೇ ಪ್ರಮಾಣದಲ್ಲಿ. ವೈರಸ್ ಇಲ್ಲದೆ ಎಂಟಿಟಿನೂ (ಸೆಲ್ಸ್ ಬದುಕಿವೆಯಾ ಅಂತ ನೋಡೋ ಪರೀಕ್ಷೆ) ಮಾಡಿ, ಸೆಲ್ಸೇ ಸಾಯ್ತಿದ್ರೆ ವೈರಸ್ ಬೆಳೆಯೋಕೆ ಜಾಗ ಇರಲ್ಲ, ಅದನ್ನ ಆಂಟಿವೈರಲ್ ಅಂತ ದಯವಿಟ್ಟು ಬರೀಬೇಡಿ.

ಇಷ್ಟಾದ್ಮೇಲೂ ಎಫೆಕ್ಟ್ ಉಳಿದ್ರೆ ಖುಷಿ ಪಡಿ, ನಿಜವಾದ ಕೆಲಸ ಶುರು. ಇನ್ಫೆಕ್ಷನ್‌ಗೆ ಮುಂಚೆ ಹಾಕಿ ತೊಳೆದು, ವೈರಸ್ ಜೊತೆ ಬೆರೆಸಿ, ಇನ್ಫೆಕ್ಷನ್ ಆದ್ಮೇಲೆ, ಹೀಗೆ ಮೂರೂ ಬೇರೆ ಬೇರೆ ನೋಡಿ. ಬೆರೆಸಿದಾಗ ಮಾತ್ರ ಕೆಲಸ ಮಾಡಿದ್ರೆ ವೈರಸ್‌ಗೇ ಹೊಡೀತಿದೆ ಇಲ್ಲಾ ಎಪಿಎನ್ ರಿಸೆಪ್ಟರ್‌ಗೆ (ಸೆಲ್ಸ್ ಮೇಲೆ ವೈರಸ್ ಹಿಡ್ಕೊಳ್ಳೋ ಪ್ರೋಟೀನ್) ಅಂಟೋದನ್ನ ತಡೀತಿದೆ, ತೊಳೆದ್ಮೇಲೂ ಕೆಲಸ ಮಾಡಿದ್ರೆ ಸೆಲ್ಸ್‌ದೇ ಪ್ರತಿರೋಧ ಎದ್ದಿರಬಹುದು. ವಸ್ತು ಯಾವ್ದು ಅಂತ ಈಗ್ಲೇ ಹೇಳಕ್ಕಾಗಲ್ಲ, ಕ್ಯಾಟಲೇಸ್ (ಪೆರಾಕ್ಸೈಡ್ ಒಡೆಯೋ ಕಿಣ್ವ) ಹಾಕಿ ಎಫೆಕ್ಟ್ ಹೋದ್ರೆ ಹೈಡ್ರೋಜನ್ ಪೆರಾಕ್ಸೈಡ್, ಪ್ರೋಟಿನೇಸ್ ಕೆಯಿಂದ (ಪ್ರೋಟೀನ್ ಒಡೆಯೋ ಕಿಣ್ವ) ಹೋದ್ರೆ ಪ್ರೋಟೀನ್. ಪ್ರೋಟಿನೇಸ್ ಕೆನ ನಿಷ್ಕ್ರಿಯ ಮಾಡಿಯೇ ಸೆಲ್ಸ್‌ಗೆ ಹಾಕಿ, ಇಲ್ಲಾಂದ್ರೆ ಸೆಲ್ಸ್ ಪ್ಲೇಟ್‌ನ ತಳದಿಂದ ಎದ್ದು ಬಂದ್ಬಿಡ್ತವೆ.