ಚೆಂಡುಹೂವಿಗೆ ಎಸಳೆಷ್ಟು?

ಪ್ರಶ್ನೆ: ನಲಿ-ಕಲಿ (ಒಂದರಿಂದ ಮೂರನೇ ತರಗತಿ) ತರಗತಿಯ 22 ಮಕ್ಕಳಿಗೆ ಹೂವಿನ ಭಾಗಗಳನ್ನು ಕೈಯಿಂದಲೇ ಬಿಡಿಸಿ ನೋಡುವ ಚಟುವಟಿಕೆ ಕೊಟ್ಟಿದ್ದೆ. ಚೆಂಡುಹೂವಿನ ಎಸಳು ಎಣಿಸಿ ಅಂದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಪುಸ್ತಕದೊಳಗಿಟ್ಟ ದಾಸವಾಳ ಹಾಳೆಗೆ ಅಂಟಿ ಬೂಷ್ಟು ಹಿಡಿಯಿತು. ಎಲ್ಲಿ ತಪ್ಪಿದೆ?
– ಶಿಕ್ಷಕಿ, ಹೊಸದುರ್ಗ ತಾಲ್ಲೂಕು

ಉತ್ತರ: ತಪ್ಪು ಮಕ್ಕಳದ್ದಲ್ಲ ಮೇಡಂ, ಹೂವಿನ ಆಯ್ಕೆಯದು. ಚೆಂಡುಹೂ ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಗೊಂಚಲು. ನಾವು ಎಸಳು ಅಂದುಕೊಂಡು ಕೀಳುವುದು ಒಂದೊಂದೂ ಬಿಡಿ ಹೂವೇ. ಸೇವಂತಿಗೆ, ಸೂರ್ಯಕಾಂತಿಯದೂ ಇದೇ ಕಥೆ. ಇವನ್ನು ನಾಲ್ಕನೇ ತರಗತಿಯ ನಂತರಕ್ಕೆ ಇಟ್ಟುಕೊಳ್ಳಿ.

ಮೊದಲ ಪಾಠಕ್ಕೆ ಐದೇ ಎಸಳಿನ ಕೆಂಪು ದಾಸವಾಳ ಸಾಕು. ಮುದ್ದೆಯಂತೆ ಒತ್ತಾಗಿ ಅರಳುವ ದಾಸವಾಳ ಬೇಡ. ಅದರಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ತೋರಿಸಲು ಏನೂ ಉಳಿದಿರುವುದಿಲ್ಲ. ಇಬ್ಬರಿಗೊಂದರಂತೆ 11 ಹೂ, ಹರಿದುಹೋದರೆ ಇರಲಿ ಎಂದು ಇನ್ನು ಮೂರು. ಬೆಳಿಗ್ಗೆ ಕಿತ್ತು ಮಧ್ಯಾಹ್ನದ ಊಟದೊಳಗೆ ಮುಗಿಸಿ, ಸಂಜೆಗೆ ಮುದುಡುತ್ತದೆ.

ಬಿಳಿ ಹಾಳೆಯ ಮೇಲೆ ಹೊರಗಿನಿಂದ ಒಳಕ್ಕೆ ಬಿಡಿಸಲಿ. ಮೊದಲು ಹಸಿರು ಪುಷ್ಪಪತ್ರ, ಆಮೇಲೆ ದಳ. ನಡುವೆ ಉಳಿಯುವ ಉದ್ದ ಕೊಳವೆಯ ಮೈಮೇಲೆ ಇರುವುದು ಕೇಸರ. ಅದನ್ನು ಬೆರಳಿಗೆ ತಾಗಿಸಿದರೆ ಹಳದಿ ಪರಾಗ ಅಂಟುತ್ತದೆ. ತುದಿಯಲ್ಲಿ ಐದು ಕೆಂಪು ಗುಂಡುಗಳು, ಅವೇ ಶಲಾಕಾಗ್ರ, ಅಂದರೆ ಪರಾಗ ಬಂದು ಅಂಟುವ ಜಾಗ. ಬುಡದ ಅಂಡಾಶಯವನ್ನು ಮಾತ್ರ ನೀವೇ ಬ್ಲೇಡಿನಿಂದ ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ತೋರಿಸಿ: ಅಲ್ಲೂ ಐದು ಕೋಣೆ. ಹೆಸರುಗಳನ್ನು ಬಾಯಿಪಾಠ ಮಾಡಿಸುವ ಆತುರ ಬೇಡ. ‘ಇಲ್ಲೂ ಐದಾ?’ ಎಂದು ಮಗುವೇ ಕೇಳಿದರೆ ಆ ದಿನದ ಪಾಠ ಆಯಿತು.

ಆದರೆ ಈ ಕೆಂಪು ದಾಸವಾಳ ನಮ್ಮಲ್ಲಿ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ‘ಹೂ ಕಾಯಾಗುತ್ತದೆ’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಪಾಠವೇ. ಅದಕ್ಕೆ ಬೆಂಡೆ ಬೇಕು, ಅದೂ ದಾಸವಾಳದ ಕುಟುಂಬದ್ದೇ. ಬೀಜ ರಾತ್ರಿ ನೆನೆಸಿ, ಎರಡು ಸೆಂ.ಮೀ. ಆಳಕ್ಕೆ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು ಊರಿಸಿ. ವಾರದೊಳಗೆ ಮೊಳಕೆ, ಸುಮಾರು 45 ದಿನಕ್ಕೆ ಹೂ. ಶಾಲೆ ಶುರುವಾದ ಜೂನ್‌ನಲ್ಲಿ ಬಿತ್ತಿದರೆ ಜುಲೈ ಕೊನೆ, ಆಗಸ್ಟ್‌ಗೆ ಸರಿಹೋಗುತ್ತದೆ. ಜೇನ್ನೊಣ ಬಾರದಿದ್ದರೂ ಬೆಂಡೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ನಿರಾಸೆ ಕಡಿಮೆ. ಅರಳಿದ ದಿನ ಹೂವಿನ ತೊಟ್ಟಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ ತಾರೀಖು ಬರೆಸಿ. ಬಿಗಿದರೆ ತೊಟ್ಟು ಮುರಿದು ಉದುರುತ್ತದೆ. ಮರುದಿನ ಎಸಳು ಬಾಡಿ ಬೀಳುತ್ತದೆ, ಆರೇಳು ದಿನಕ್ಕೆ ಸಾರಿಗೆ ಹಾಕುವಷ್ಟು ಕಾಯಿ. ಅದನ್ನು ಅಡ್ಡ ಕತ್ತರಿಸಿ ಬಣ್ಣದಲ್ಲಿ ಅದ್ದಿ ಹಾಳೆಗೆ ಒತ್ತಿದರೆ ದಾಸವಾಳದ ಬುಡದಲ್ಲಿ ಕಂಡ ಅದೇ ಕೋಣೆಗಳು. ಬೆಂಡೆಯ ಸುಂಕಿಗೆ ಕೆಲವು ಮಕ್ಕಳ ಕೈ ತುರಿಸಬಹುದು, ತಕ್ಷಣ ತೊಳೆಸಿ.

ನಿಮ್ಮ ಕಡೆ ಹತ್ತಿ ಬೆಳೆಯುವ ಮನೆಗಳಿದ್ದರೆ ಅದರ ಹೂವನ್ನೂ ತೋರಿಸಿ, ಅದೂ ಇದೇ ಕುಟುಂಬ. ಮೊದಲ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಆದರೆ ಔಷಧಿ ಹೊಡೆದ ಹೊಲದಿಂದ ಕಿತ್ತು ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಒಣಗಿಸುವ ವಿಷಯ. ದಾಸವಾಳದ ಮೈ ತುಂಬ ಲೋಳೆ, ಇಡೀ ಹೂ ಇಟ್ಟರೆ ನೀರು ಆರುವ ಮೊದಲೇ ಕೊಳೆಯುತ್ತದೆ. ಎಸಳು ಬಿಡಿಬಿಡಿಯಾಗಿ ದಿನಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ, ಮೊದಲ ಮೂರು ದಿನ ಹಾಳೆ ಬದಲಿಸಿ. ನುಣುಪು ಕಾಗದ ನೀರು ಹೀರದು. ಮಳೆಗಾಲದಲ್ಲಿ ಹತ್ತು ದಿನವಾದರೂ ಬೇಕು. ಅಂಟಿಸುವ ಪುಸ್ತಕಕ್ಕೆ ತಂಗಡಿ, ಕನಕಾಂಬರ ವಾಸಿ, ಬೇಗ ಒಣಗುತ್ತವೆ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಶಾಲೆಯಿಂದ ‘ಐದು ಬಗೆಯ ಹೂ ತನ್ನಿ’ ಎಂದಿದ್ದಾರೆ. ಸಿಕ್ಕಿದ್ದನ್ನು ಬಾಯಿಗಿಡುತ್ತಾನೆ.
– ಪೋಷಕರು, ದಾವಣಗೆರೆ

ಉತ್ತರ: ಕಣಗಿಲೆ, ದತ್ತೂರ, ಎಕ್ಕ ಈ ಮೂರನ್ನೂ ಕೈಬಿಡಿ. ಮೊದಲೆರಡು ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ, ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು. ದಾಸವಾಳ, ಮಲ್ಲಿಗೆ, ಶಂಖಪುಷ್ಪ, ತುಂಬೆ, ಕುಂಬಳದ ಹೂ ತನ್ನಿ, ಐದಾದವು. ಕುಂಬಳದ್ದನ್ನು ಮುಂಜಾನೆಯೇ ಕೀಳಿ, ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುತ್ತದೆ.